ಮುಳ್ಳು ನೋಡಿ ಹಾಡಿದ ಸಿದ್ರಾಮಪ್ಪ ಕಾಕಾ

2006ರಲ್ಲಿ ನಾನು ಹೈದರಾಬಾದಿನ ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಗಿಡ್ಡ. ಬೇರೆಯವರ ಕಂಪ್ಯೂಟರ್ ಕೆಟ್ಟಾಗ ಬೈಸಿಕೊಳ್ಳಬೇಕು. ಕೆಡದಿದ್ದಾಗ ‘ಇವನಿಗೆ ಯಾಕೆ ಸಂಬಳ’ ಎಂದು ಅನ್ನಿಸಿಕೊಳ್ಳಬೇಕು. ನಾನು ಹುಟ್ಟಾ ಚಿಂತೆಯ ಮನುಷ್ಯ. ಮನೆಯ ಬೀಗ ಹಾಕಿ, ಜಗ್ಗಿ ನೋಡಿ, ಗಲ್ಲಿಯ ತುದಿಯಿಂದ ತಿರುಗಿ ಬಂದು ಮತ್ತೊಮ್ಮೆ ಜಗ್ಗಿ ನೋಡುವವನು. ಹೆಂಡತಿ ಇದಕ್ಕೆ ರೋಗ ಎನ್ನುತ್ತಿದ್ದಳು. ಆಫೀಸಿನವರು ಇದಕ್ಕೇ ‘ಬ್ಯಾಕಪ್ ಶಿಸ್ತು’ ಎಂದು ಹೆಸರಿಟ್ಟು ವರ್ಷಕ್ಕೊಮ್ಮೆ ಒಂದು ಪ್ರಶಸ್ತಿಪತ್ರ ಕೊಡುತ್ತಿದ್ದರು.

ನಮ್ಮ ವೃತ್ತಿಯಲ್ಲಿ ‘ಫಾಲ್ಟ್ ಐಸೊಲೇಶನ್’ ಎಂಬ ಒಂದು ಪದ್ಧತಿ ಇದೆ. ಯಂತ್ರ ಕೆಟ್ಟಾಗ ಅದಕ್ಕೆ ಸಂಬಂಧಪಟ್ಟ ಎಲ್ಲದರ ಮೇಲೂ ಅನುಮಾನ ಪಡಬೇಕು. ಆಮೇಲೆ ಒಂದೊಂದನ್ನೇ ಪರೀಕ್ಷಿಸಿ ಬಿಡುಗಡೆ ಮಾಡುತ್ತ ಬರಬೇಕು. ಕೇಬಲ್ ಸರಿ ಇದೆ, ಬಿಡು. ಪವರ್ ಸರಿ ಇದೆ, ಬಿಡು. ಕೊನೆಗೆ ಬಿಡುಗಡೆಯಾಗದೆ ಉಳಿದದ್ದೇ ದೋಷದ ಜಾಗ. ಬಹಳ ನ್ಯಾಯವಾದ ಪದ್ಧತಿ. ಆ ವರ್ಷ ನಾನು ಇದನ್ನು ಸನತ್‌ನಗರದ ಒಂದು ಮನೆಯಲ್ಲಿ ಪ್ರಯೋಗಿಸಿದೆ. ಹೇಳಹೊರಟಿರುವುದು ಅದನ್ನೇ.

ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಪಾಟೀಲರು ಒಂದು ದಿನ ಆಫೀಸಿಗೆ ಫೋನ್ ಮಾಡಿದರು.

“ನಮ್ಮ ಸಿದ್ರಾಮಪ್ಪ ಕಾಕಾನ ಕಂಪ್ಯೂಟರ್ ಒಂದೀಟು ನೋಡ್ರಿ. ಮನ್ಯಾಗ ಕುಂತು ಪದ ರೆಕಾರ್ಡ್ ಮಾಡಾಕತ್ತಾನ. ಬರೇ ಕರಕರ ಅಂತೈತಂತ. ಈ ಸಲ ಕಮಿಟಿಯವ್ರು ಸೀಡಿ ಕೇಳಿನ ಹಾಡಾಕ ಕರೀಬೇಕು ಅಂದಾರ. ಸ್ವಚ್ಛ ಸೀಡಿ ಒಂದು ಬಂದ್ರ ನಮ್ಮ ಕೆಲಸ ಹಗರ ಆಗ್ತೈತ್ರಿ.”

ಸಿದ್ರಾಮಪ್ಪನವರನ್ನು ಸಂಘದಲ್ಲಿ ಅರಿಯದವರಿರಲಿಲ್ಲ. ಕಲಬುರಗಿ ಕಡೆಯವರು. ಬಾಲಾನಗರದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ಎಂದರೆ ದೊಡ್ಡ ಯಂತ್ರಗಳು ತಗಡನ್ನು ಬಡಿದು ಆಕಾರ ಕೊಡುವ ವಿಭಾಗದಲ್ಲಿ, ಫೋರ್‌ಮನ್ ಆಗಿ ನಿವೃತ್ತರಾದವರು. ಪ್ರತಿವರ್ಷ ನಮ್ಮ ರಾಜ್ಯೋತ್ಸವ ಅವರ ತತ್ವಪದದಿಂದಲೇ ಶುರುವಾಗುತ್ತಿತ್ತು. ಹಾರ್ಮೋನಿಯಂಗೆ ಅವರ ಹೆಂಡತಿ ಶಾಂತಾಬಾಯಿ. ಕೆಲವು ವರ್ಷಗಳಿಂದ ಜೊತೆ ತಪ್ಪುತ್ತಿತ್ತು. ಹಿಂದಿನ ವರ್ಷವಂತೂ ಹಾಡು ಮತ್ತು ಹಾರ್ಮೋನಿಯಂ ಬೇರೆ ಬೇರೆ ಊರಿಗೆ ಹೊರಟಂತೆ ಕೇಳಿಸಿತ್ತು. ಹಿಂದಿನ ಸಾಲಿನ ಹುಡುಗಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಕಾಕಾ ವೇದಿಕೆಯ ಮೇಲೆಯೇ ಮೈಕಿನ ಎದುರು ಹೆಂಡತಿಗೆ, “ಪೆಟಗಿ ಬೇಸೂರ ಅಲ್ಲ, ಒತ್ತೂ ಕೈ ಬೇಸೂರ” ಎಂದುಬಿಟ್ಟಿದ್ದರು. ಸಭೆ ನಕ್ಕಿತು. ಶಾಂತಾಬಾಯಿ ಪೆಟ್ಟಿಗೆಯ ಬಟ್ಟೆ ಮುಚ್ಚಿ ಕೆಳಗಿಳಿದರು.

ಭಾನುವಾರ ನಾನು ಹೋದಾಗ ಕಾಕಾ ಆರೋಪಪಟ್ಟಿಯೊಂದಿಗೆ ಕಾಯುತ್ತಿದ್ದರು.

“ಇಂಜಿನಿಯರ್ ಸಾಹೇಬ್ರ, ಈ ಮಷೀನಿಗೆ ಮೂರು ರೋಗ. ಒಂದು, ಕರಕರ. ಎರಡು, ನಾ ಈಗ ಹಾಡಿದ್ದು ಕಿವಿಗೆ ಆಮ್ಯಾಲ ಬರ್ತೈತಿ. ಮೂರು, ಹೇಳದ ಕೇಳದ ಬಂದ್ ಆಗ್ತೈತಿ. ನಾಕನೇದ್ದು ಅಲ್ಲಿ ಕುಂತೈತಿ, ಅದನ್ನ ನೀವು ರಿಪೇರಿ ಮಾಡಾಕ ಆಗೂದಿಲ್ಲ.”

ನಾಲ್ಕನೆಯದು ಶಾಂತಾಬಾಯಿ. ಆಕೆ ಹಾರ್ಮೋನಿಯಂ ಮುಂದೆ ಕುಳಿತಿದ್ದರು. ತಲೆ ಎತ್ತದೆ, “ಚಾ ಕುಡೀರಿ ಮದಲ” ಎಂದರು.

ಒಂದು ಪದ ಹಾಡಲು ಹೇಳಿದೆ. ಆ ಮನೆಯಲ್ಲಿ ಒಂದು ಕಟ್ಟಳೆ: ಕಾಕಾ ಕಣ್ಣುಮುಚ್ಚಿ ಪದ ಎತ್ತಿದರೆ ಮುಗಿಯುವವರೆಗೆ ಯಾರೂ ಬಾಯಿ ತೆರೆಯಬಾರದು, ಕೈಸನ್ನೆಯನ್ನೂ ಮಾಡಬಾರದು. ಎರಡನೆಯ ನುಡಿಗೆ ಕರೆಂಟು ಹೋಯಿತು. ಯುಪಿಎಸ್, ಅಂದರೆ ಕರೆಂಟು ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಉಸಿರಾಡಿಸುವ ಬ್ಯಾಟರಿ ಡಬ್ಬಿ, ಕೀಂ ಕೀಂ ಎಂದು ಕೂಗತೊಡಗಿತು. ನಾನು ಶಾಂತಾಬಾಯಿಯ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಕಟ್ಟಳೆಯಂತೆ ಇಬ್ಬರೂ ಸುಮ್ಮನಿದ್ದೆವು. ಕಾಕಾ ಹಾಡುತ್ತಲೇ ಇದ್ದರು. ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಕಣ್ಣು ತೆರೆದ ಕಾಕಾ ಗೆದ್ದವರಂತೆ, “ನೋಡಿದ್ರಿಲ್ಲ? ಹೇಳದ ಕೇಳದ” ಎಂದರು. ಎಂಥ ತನ್ಮಯತೆ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ. ಚಿಂತೆಯ ಮನುಷ್ಯನಿಗೆ ಬೇಡದ ಕಡೆಯೆಲ್ಲ ಚಿಂತೆ ಬರುತ್ತದೆ, ಬೇಕಾದ ಕಡೆ ಭಕ್ತಿ ಬರುತ್ತದೆ.

ಕರಕರದ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಯಾರೋ ಹಾಕಿಕೊಟ್ಟ ವಿಂಡೋಸ್‌ನ ಕಳ್ಳ ಪ್ರತಿ. ಅದರ ತುಂಬ ವೈರಸ್, ವೈರಸ್ ಹಿಡಿಯಲು ಎರಡು ಆ್ಯಂಟಿವೈರಸ್, ಅವೆರಡರ ಜಗಳ. ಈ ಗದ್ದಲದಲ್ಲಿ ಕಂಪ್ಯೂಟರಿಗೆ ಧ್ವನಿಯನ್ನು ಹೊತ್ತಿಗೆ ಸರಿಯಾಗಿ ಬರೆದುಕೊಳ್ಳಲು ಪುರಸೊತ್ತೇ ಇರಲಿಲ್ಲ. ತಪ್ಪಿಸಿಕೊಂಡ ಚೂರುಗಳೇ ಕರಕರ. ಹಾಡಿದ್ದು ತಡವಾಗಿ ಕಿವಿಗೆ ಬರುವುದಕ್ಕೆ ನಾವು ‘ಲೇಟೆನ್ಸಿ’ ಎನ್ನುತ್ತೇವೆ. ನಮ್ಮ ಆಫೀಸಿನ ಸರ್ವರುಗಳೆಲ್ಲ ಲಿನಕ್ಸ್ ಮೇಲೆ ನಡೆಯುತ್ತಿದ್ದವು. ಅದು ಯಾರು ಬೇಕಾದರೂ ಪುಕ್ಕಟೆ ಪಡೆದು, ಬಿಚ್ಚಿ ನೋಡಿ, ತಿದ್ದಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್. ಧ್ವನಿಗೆ ಮೊದಲ ಮಣೆ ಹಾಕುವ ಹಾಗೆ ಅದರ ಕರ್ನಲ್, ಎಂದರೆ ಒಳಗಿನ ತಿರುಳನ್ನೇ, ಬದಲಿಸಿಕೊಳ್ಳಲು ಬರುತ್ತಿತ್ತು.

“ಪುಕಟ್ ಅಂದ್ರ ಎಷ್ಟು ದಿನ ಬಾಳಿಕಿ ಬಂದೀತ್ರಿ?” ಎಂದರು ಕಾಕಾ.

“ನಿಮ್ಮ ಪದಾನೂ ಪುಕಟ್ ಅಲ್ಲೇನು” ಎಂದರು ಶಾಂತಾಬಾಯಿ, ಹಾರ್ಮೋನಿಯಂ ಒರೆಸುತ್ತ.

ಹಳೆಯದನ್ನು ಅಳಿಸುವ ಮೊದಲು ಅದರ ಪೂರ್ತಿ ಪ್ರತಿಯನ್ನು ಡಿವಿಡಿಗಳಲ್ಲಿ ತೆಗೆದಿಟ್ಟುಕೊಂಡೆ. ಒಂದು ಕೆಟ್ಟರೆ ಇರಲಿ ಎಂದು ಇನ್ನೊಂದು. ಎರಡೂ ಕೆಟ್ಟರೆ ಎಂದು ಮತ್ತೊಂದು. ವೈರಸ್ಸುಗಳನ್ನು ಇಷ್ಟು ಜೋಪಾನವಾಗಿ ಕಾಪಾಡಿದವನು ಆ ಊರಿನಲ್ಲಿ ನಾನೊಬ್ಬನೇ ಇರಬೇಕು. ಲಿನಕ್ಸ್ ಸುಲಭವಾಗಿ ಕೂರಲಿಲ್ಲ. ಸೌಂಡ್ ಕಾರ್ಡ್ ಅದಕ್ಕೆ ಗುರುತೇ ಹತ್ತದೆ, ಎರಡು ಭಾನುವಾರ ಕಾಕಾನ ಹಂಗಿಸುವಿಕೆ ಕೇಳುತ್ತ ಕುಳಿತೆ. ಮೂರನೆಯ ಭಾನುವಾರ ಎಲ್ಲ ಸರಿಹೋಯಿತು. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿದೆ. ಹಾರ್ಮೋನಿಯಂಗೆ ಒಂದು ಮೈಕು, ಕಾಕಾನಿಗೆ ಒಂದು. ಎರಡೂ ಬೇರೆ ಬೇರೆ ಟ್ರ್ಯಾಕಿನಲ್ಲಿ ದಾಖಲಾಗುವಂತೆ ಮಾಡಿ, ಹಾಡಿ ಎಂದೆ.

ಹಾಡಿದರು. ಕೇಳಿಸಿದೆ. ಕರಕರ ಮಾಯವಾಗಿತ್ತು. ಹಾರ್ಮೋನಿಯಂ ತಿದಿಯ ಉಸಿರು, ಕಾಕಾ ಪದದ ಮೊದಲು ತುಟಿ ಒದ್ದೆ ಮಾಡಿಕೊಂಡದ್ದು, ಎಲ್ಲ ಕೇಳುತ್ತಿತ್ತು. ನನ್ನ ಕೆಲಸದ ಬಗ್ಗೆ ನನಗೇ ಹೆಮ್ಮೆಯೆನಿಸಿದ್ದು ಬಹುಶಃ ಒಂದು ನುಡಿಯಷ್ಟು ಹೊತ್ತು. ಅಷ್ಟು ಸ್ವಚ್ಛ ಮೌನದ ನಡುವೆ ಕಾಕಾನ ಧ್ವನಿ ಶ್ರುತಿಯ ಕೆಳಗೆ ಕೆಳಗೆ, ತೋಯ್ದ ಹಗ್ಗದಂತೆ ಜೋತುಬಿದ್ದಿತ್ತು.

ಕಾಕಾ ಹೆಡ್‌ಫೋನ್ ತೆಗೆದರು. “ಮಷೀನ್ ಸರಿ ಆತು. ಶಭಾಷ್. ಇನ್ನ ಬೇಸೂರ ಹೊಡ್ಯಾಕತ್ತಿದ್ದು ಪೆಟಗಿ ಒಂದ. ಮೂರು ಸಲ ರಿಪೇರಿಗೆ ಕಳಿಸೀನಿ. ಈಕೀನ್ನ ಎಲ್ಲಿಗೆ ಕಳಿಸ್ಲಿ?”

ನಾನು ಬಾಯಿ ಮುಚ್ಚಿಕೊಂಡಿದ್ದರೂ ಪದ್ಧತಿ ಬಾಯಿ ಮುಚ್ಚಲಿಲ್ಲ. ಲಿನಕ್ಸ್ ಜೊತೆ ಒಂದು ಟ್ಯೂನರ್ ಬಂದಿತ್ತು. ಸ್ವರ ಶ್ರುತಿಯಲ್ಲಿದ್ದರೆ ಪರದೆಯ ಮೇಲೆ ಮುಳ್ಳು ನಡುವೆ ನಿಲ್ಲುತ್ತದೆ. ಕೆಳಗಿದ್ದರೆ ಎಡಕ್ಕೆ ಬಾಗುತ್ತದೆ. ಮೊದಲು ಹಾರ್ಮೋನಿಯಂ ಟ್ರ್ಯಾಕ್ ಒಂದನ್ನೇ ಹಾಕಿದೆ. ಮುಳ್ಳು ನಡುವೆ ನಿಂತಿತು. ಕಾಕಾ ಮುಂದಕ್ಕೆ ಬಾಗಿದರು. ಜೀವಮಾನವೆಲ್ಲ ಡಯಲ್ ಗೇಜಿನ ಮುಳ್ಳು ನೋಡಿ ತಗಡಿನ ದಪ್ಪ ಅಳೆದವರು. ಮುಳ್ಳಿನ ಭಾಷೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

“ನನ್ನದು ಹಚ್ಚರಿ” ಎಂದರು.

ಹಚ್ಚಿದೆ. ಮುಳ್ಳು ಎಡಕ್ಕೆ ಬಾಗಿತು. ಹಾಡು ಮುಗಿಯುವವರೆಗೆ ಮೇಲೇಳಲಿಲ್ಲ.

ಕಾಕಾ ಮೈಕಿನ ಹತ್ತಿರ ಹೋಗಿ ಷಡ್ಜ ಹಿಡಿದರು. ಎಡಕ್ಕೆ. ಮುಳ್ಳನ್ನೇ ನೋಡುತ್ತ ಧ್ವನಿಯನ್ನು ಮೇಲಕ್ಕೆ ದೂಡಿದರು. ನಡುವೆ ಬಂತು. ಹಾರ್ಮೋನಿಯಂ ಜೊತೆ ಕೂಡಿತು. ಎಷ್ಟೋ ವರ್ಷಗಳ ಹಿಂದೆ ನಮ್ಮ ಸಭೆಯನ್ನು ಮೈಮರೆಸುತ್ತಿದ್ದ ಅದೇ ಧ್ವನಿ. ನನ್ನ ಮೈ ಜುಮ್ಮೆಂದಿತು. ಕಾಕಾ ಮಾತ್ರ ಹುಳಿ ಕಡಿದವರಂತೆ ಮುಖ ಕಿವಿಚಿದರು.

“ಇದು ಸರಿ ಅನ್ನಾಕತ್ತೈತೇನ್ರಿ ಇದು? ನನಗ ಭಾಳ ಹೊಲಸು ಕೇಳಸಾಕತ್ತೈತಿ.”

ಕಣ್ಣುಮುಚ್ಚಿ ಮತ್ತೆ ಪದ ಎತ್ತಿದರು. ಆಗ ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಎಂದಿತು. ಅಂದು ಮೊದಲ ಬಾರಿ ಶಾಂತಾಬಾಯಿ ಕಟ್ಟಳೆ ಮುರಿದರು.

“ಅದು ಕೂಗಾಕತ್ತೈತಿ ನೋಡ್ರಿ.”

“ಯಾವುದು?” ಎಂದರು ಕಾಕಾ, ಹಾಡು ನಿಲ್ಲಿಸಿ ಕಣ್ಣು ತೆರೆದು.

ಡಬ್ಬಿ ಅವರ ಮೊಣಕಾಲಿನ ಪಕ್ಕದಲ್ಲೇ ಕೂಗುತ್ತಿತ್ತು. ಅವರು ನಮ್ಮಿಬ್ಬರ ಕಣ್ಣು ಹೋದ ಕಡೆ ನೋಡಿದರು, ಬಾಗಿದರು, ಡಬ್ಬಿಯ ಮೇಲೆ ಅಂಗೈ ಇಟ್ಟರು. ಪ್ರೆಸ್ ಶಾಪಿನಲ್ಲಿ ಕಿವಿಗೆ ಹತ್ತಿ ತುರುಕಿಕೊಳ್ಳುವವರನ್ನು ಕಂಡರೆ ‘ಬಾಣಂತಿ’ ಎಂದು ಗೇಲಿ ಮಾಡುತ್ತಿದ್ದೆ ಎಂದು ಅವರೇ ಹಿಂದೊಮ್ಮೆ ನಗುತ್ತ ಹೇಳಿದ್ದರು.

ಸಮಾಧಾನದ ಮಾತು ಹುಡುಕುತ್ತ ನಾನು ತಡವರಿಸುತ್ತಿದ್ದೆ. ಶಾಂತಾಬಾಯಿ ಹುಡುಕುತ್ತಿರಲಿಲ್ಲ. ಕರೆಂಟು ಬಂದ ಮೇಲೆ ಪರದೆಯ ಹತ್ತಿರ ಬಂದು ನಿಂತು ಕೇಳಿದರು, “ಪೆಟಗಿ ಬಂದ್ ಮಾಡಿ ಬರೇ ಇವ್ರ ಧ್ವನಿ ಹಚ್ಚೂ ಬಟನ್ ಯಾವುದ್ರಿ?”

ತೋರಿಸಿದೆ. ಒತ್ತಿದರು. ಇಡೀ ಪದ, ಮೊದಲಿನಿಂದ ಕೊನೆಯವರೆಗೆ, ಕಾಕಾನ ಒಂಟಿ ಧ್ವನಿ ಕೋಣೆಯಲ್ಲಿ ಮೊಳಗಿತು. ಮುಗಿದ ಮೇಲೆ ಮತ್ತೊಮ್ಮೆ ಒತ್ತಿದರು. ಕಾಕಾ ಏಳಲು ಹೋದಾಗ, “ಪದ ನಡೆದಾಗ ಯಾರೂ ಏಳಬಾರದು” ಎಂದರು. ದನಿ ಏರಿಸಲಿಲ್ಲ. ಕಾಕಾ ಕುಳಿತರು. ನಾನೂ ಕುಳಿತೆ.

ಮುಂದಿನ ವಾರ ಕಿವಿಯ ಡಾಕ್ಟರರು ಕಾಕಾನನ್ನು ಪರೀಕ್ಷಿಸಿ, ಕಾರ್ಖಾನೆಯ ಸದ್ದು ಕಿವಿಯ ಒಳಗನ್ನು ತಿಂದಿದೆ, ಅದು ಮರಳುವುದಿಲ್ಲ ಎಂದರು. ಕೆಲವು ಸ್ವರಗಳು ಬೀಳುವುದೇ ಇಲ್ಲ. ಬೀಳುವ ಸ್ವರಗಳೂ ಇದ್ದ ಎತ್ತರದಲ್ಲಿ ಬೀಳುವುದಿಲ್ಲ. ಕಿವಿಯ ಯಂತ್ರ ಹಾಕಿದರೆ ಸದ್ದು ದೊಡ್ಡದಾದೀತೇ ಹೊರತು ನೇರವಾಗದು.

ಕೆಲವು ದಿನಗಳ ನಂತರ ಕಾಕಾ ಫೋನ್ ಮಾಡಿದರು. ದನಿ ತಗ್ಗಿಸಿದ್ದರು, ಹೆಂಡತಿ ಒಳಗೆ ಇದ್ದಿರಬೇಕು. “ಸಾಹೇಬ್ರ, ಆ ಹಳೇದು ಇಟ್ಟೀರಿಲ್ಲ? ಅದನ್ನ ತಿರುಗಿ ಹಾಕಿಕೊಡ್ರಿ. ಕರಕರ ಅಂದ್ರೂ ಚಿಂತಿಲ್ಲ.”

ಡಿವಿಡಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಬಾಗಿಲಲ್ಲೇ ಶಾಂತಾಬಾಯಿ ತಡೆದರು.

“ಚೀಲದಾಗ ಏನೈತಿ?”

“ಹಳೇದು, ಕಾಕು. ಕಾಕಾ ಕೇಳ್ಯಾರ.”

“ಚೀಲದಾಗ ಇರ್ಲಿ ಅದು. ಅಷ್ಟು ವರ್ಷ ನನ್ನ ಕೈಯಾಗ ತಪ್ಪ ಹುಡುಕಿದ್ರು. ಮಷೀನ್ ಮ್ಯಾಲ ಹಾಕಿದ್ರು. ಇನ್ನ ಅವ್ರಿಗೆ ತಪ್ಪ ಹೊರಸಾಕ ಯಾರನ್ನೂ ಕೊಡೂದಿಲ್ಲ ನಾ. ಬರ್ರಿ, ಚಾ ಕುಡೀರಿ.”

ಒಳಗೆ ಕಾಕಾ ಪರದೆಯ ಮುಂದೆ ಕುಳಿತಿದ್ದರು. ಶಾಂತಾಬಾಯಿಯದು ಈಗ ಹೊಸ ಕಟ್ಟಳೆ: ಅವರು ಮುಳ್ಳು ನೋಡಿ ಹಾಡಬೇಕು, ಆಕೆ ಹಾರ್ಮೋನಿಯಂ ಹಿಡಿಯಬೇಕು. ಮುಳ್ಳು ಬಾಗಿದರೆ ಆಕೆ ಕೈ ನಿಲ್ಲಿಸುತ್ತಿದ್ದರು. ಹಾರ್ಮೋನಿಯಂ ನಿಂತದ್ದೂ ಕಾಕಾನಿಗೆ ಆಕೆಯ ಬೆರಳು ನೋಡಿಯೇ ತಿಳಿಯುತ್ತಿತ್ತು. ನಾನು ಚಾ ಕುಡಿದು, ಚೀಲ ಬಿಚ್ಚದೆ, ಬಂದ ದಾರಿಯಲ್ಲೇ ಹೊರಟೆ.

ಸೀಡಿ ಪಾಟೀಲರ ಕೈ ಸೇರಿದ ಮರುದಿನವೇ ಅವರ ಫೋನು. “ಇದೇನ್ರಿ ಇದು? ಕಾಕಾ ಸರಿ ಹಾಡಿಬಿಟ್ಟಾನ.” ದನಿಯಲ್ಲಿ ನಿರಾಶೆ ಸ್ಪಷ್ಟವಾಗಿತ್ತು. “ನಿಮಗ ಹೇಳ್ತೀನಿ, ನಾವು ಸೀಡಿ ಕೇಳಿದ್ದ ಕೈಬಿಡಾಕ. ಮಷೀನ್ ನೆಪ ಹೋದ್ರ ತಾನ ಸುಮ್ಮಾಗ್ತಾನ ಅಂದ್ಕೊಂಡಿದ್ವಿ. ಈಗ ಬ್ಯಾಡ ಅನ್ನಾಕ ಬರೂದಿಲ್ಲ.” ಸ್ವಚ್ಛ ಸೀಡಿಯಿಂದ ಹಗುರಾಗಬೇಕಿದ್ದ ಅವರ ಕೆಲಸ ಯಾವುದೆಂದು ಆಗ ಅರ್ಥವಾಯಿತು.

ರಾಜ್ಯೋತ್ಸವದ ದಿನ ನನ್ನ ಆಫೀಸಿನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಟ್ಯೂನರ್ ತೆರೆದು, ಕಾಕಾನ ಎದುರಿನ ಸ್ಟೂಲಿನ ಮೇಲೆ ಇಟ್ಟೆ. ಬ್ಯಾಟರಿ ತುಂಬಿಸಿದ್ದೆ, ಇನ್ನೊಂದು ಬ್ಯಾಟರಿ ಜೇಬಿನಲ್ಲಿತ್ತು. “ಪದ ಮರೀತಾವೇನು ಕಾಕಾ, ನೋಡಿ ಹಾಡಾಕ?” ಎಂದು ಪಾಟೀಲರು ಮೈಕಿನಲ್ಲೇ ಕೇಳಿದರು. ಸಭೆ ನಕ್ಕಿತು. ಶಾಂತಾಬಾಯಿ ತಿದಿ ಒತ್ತಿದರು.

ಕಣ್ಣುಮುಚ್ಚಿ ಹಾಡುತ್ತಿದ್ದ ಮನುಷ್ಯ ಅಂದು ರೆಪ್ಪೆಯನ್ನೂ ಬಡಿಯದೆ ಹಾಡಿದರು. ಒಂದು ಸ್ವರವೂ ಜಾರಲಿಲ್ಲ. ಹೋದ ವರ್ಷ ಸೆರಗು ಬಾಯಿಗಿಟ್ಟವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅವರ ಕಿವಿಗೆ ಹೇಗೆ ಕೇಳಿಸಿತೋ ನನಗೆ ಗೊತ್ತಿಲ್ಲ. ವೇದಿಕೆಯ ಹಿಂದಿನ ಮೆಟ್ಟಿಲಲ್ಲಿ ಲ್ಯಾಪ್‌ಟಾಪ್ ಮಡಚಿಕೊಳ್ಳುತ್ತಿದ್ದಾಗ ಗಂಡಹೆಂಡಿರ ಮಾತು ಕಿವಿಗೆ ಬಿತ್ತು.

“ಹೆಂಗಿತ್ತು?”

“ಸರಿ ಇತ್ತು.”

“ನನಗ ಮದಲಿಂದ ಕಡೀತನ ಬೇಸೂರ ಕೇಳಿಸ್ತು, ಶಾಂತಾ.”

ಆಕೆ ಹಾರ್ಮೋನಿಯಂಗೆ ಬಟ್ಟೆ ಸುತ್ತುತ್ತಿದ್ದರು. “ಹಂಗ ಕೇಳಿಸ್ತಂದ್ರ ಸರಿ ಇತ್ತು ಅಂತ ತಿಳೀರಿ. ಇನ್ನ ಮ್ಯಾಲ ಇದ ಗುರುತು.”

ಅಲ್ಲಿಂದ ಮುಂದೆ ನಿವೃತ್ತಿಯವರೆಗೂ ಯಾವ ಯಂತ್ರದ ಮುಚ್ಚಳ ಬಿಚ್ಚುವ ಮೊದಲೂ, ಈ ದೋಷದ ನೆರಳಿನಲ್ಲಿ ಯಾರು ಯಾರು ಕುಳಿತಿದ್ದಾರೆ ಎಂದು ಒಮ್ಮೆ ಸುತ್ತ ನೋಡುವುದನ್ನು ರೂಢಿ ಮಾಡಿಕೊಂಡೆ. ನೋಡಿದ ಮೇಲೂ ಮುಚ್ಚಳ ಬಿಚ್ಚುತ್ತಿದ್ದೆ. ಸಂಬಳ ಕೊಡುತ್ತಿದ್ದುದು ಅದಕ್ಕೇ. ಆ ಡಿವಿಡಿಗಳು ಮಾತ್ರ ಇಂದಿಗೂ ನನ್ನ ಬೀರುವಿನಲ್ಲಿವೆ. ವರ್ಷಕ್ಕೊಮ್ಮೆ ತೆಗೆದು, ಓದಲು ಬರುತ್ತವೆಯೇ ಎಂದು ಪರೀಕ್ಷಿಸಿ ಇಡುತ್ತೇನೆ. ಕಾಕಾ ಮತ್ತೆ ಯಾವತ್ತೂ ಕೇಳಲಿಲ್ಲ.