ಪೆಟ್ರೋಲು ಏರದ ಕಾರು

ಸೂಪರ್‌ಚಾರ್ಜರ್ ಇರುವ ಕಾರಿನ ಬಗ್ಗೆ ನಾನು ಗಂಟೆಗಟ್ಟಲೆ ಮಾತನಾಡಬಲ್ಲೆ. ಅದನ್ನು ಕಣ್ಣಾರೆ ನೋಡಿಲ್ಲ, ಅಷ್ಟೇ ಕೊರತೆ. ಎಂಬತ್ತರ ದಶಕದಲ್ಲಿ ನಿಪ್ಪಾಣಿಯ ರದ್ದಿ ಅಂಗಡಿಯೊಂದರಲ್ಲಿ ವಿದೇಶಿ ಮೋಟಾರು ಪತ್ರಿಕೆಗಳು ತೂಕಕ್ಕೆ ಸಿಗುತ್ತಿದ್ದವು. ನಾನು ಅವನ್ನು ಕಟ್ಟುಗಟ್ಟಲೆ ತಂದು ಓದುತ್ತಿದ್ದೆ. ಆ ಕಾರುಗಳಲ್ಲಿ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರವೊಂದಿರುತ್ತದೆ. ಗಾಳಿ ಹೆಚ್ಚಿದಂತೆ ಪೆಟ್ರೋಲಿನ ಒತ್ತಡವೂ ಹೆಚ್ಚಬೇಕು, ಇಲ್ಲದಿದ್ದರೆ ಎಂಜಿನ್ನು ಉಪವಾಸ ಬೀಳುತ್ತದೆ. ರಾಯಬಾಗದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ನಾನು ಇದನ್ನು ಹಿಂದಿ ಮಾಸ್ತರರಿಗೆ ವಿವರಿಸಿದಾಗಲೆಲ್ಲ ಅವರು ಸುಖವಾಗಿ ನಿದ್ದೆ ಮಾಡುತ್ತಿದ್ದರು.

ನಮ್ಮ ಮನೆಯಲ್ಲಿದ್ದುದು ಇಂಥ ಯಾವ ಸಂಭ್ರಮವೂ ಇಲ್ಲದ ಹಳೆಯ ಪೆಟ್ರೋಲು ಕಾರು. ಕಬ್ಬು, ದ್ರಾಕ್ಷಿ ಬೆಳೆಯುತ್ತಿದ್ದ ನಮ್ಮಣ್ಣ ಅದನ್ನು ಮೂರನೆಯ ಕೈಯಿಂದ ಕೊಂಡಿದ್ದ. ಪೆಟ್ರೋಲು ಎಷ್ಟಿದೆ ಎಂದು ತೋರಿಸುವ ಮುಳ್ಳು ನಾವು ಕೊಳ್ಳುವ ಮೊದಲೇ ಸತ್ತಿತ್ತು. ಹಾಗಾಗಿ ಅಣ್ಣ ಒಂದು ಜೋಳದ ಕಣಿಕೆಯನ್ನು, ಎಂದರೆ ಒಣ ದಂಟನ್ನು, ಸೀಟಿನಡಿ ಇಟ್ಟುಕೊಂಡಿದ್ದ. ಟ್ಯಾಂಕಿನ ಮುಚ್ಚಳ ತೆಗೆದು ಅದನ್ನು ಇಳಿಬಿಟ್ಟು, ಒದ್ದೆಯಾದಷ್ಟನ್ನು ಬೆರಳಿನಿಂದ ಅಳೆದು, "ಇನ್ನಾ ಬೇಕಾದಷ್ಟ ಐತಿ" ಅನ್ನುತ್ತಿದ್ದ.

ಒಂದು ಚಳಿಗಾಲ ಆ ಕಾರಿಗೆ ವಿಚಿತ್ರ ರೋಗ ಬಂತು. ಹತ್ತು ಹನ್ನೆರಡು ಮೈಲಿ ಚೆನ್ನಾಗಿ ಓಡುವುದು, ಆಮೇಲೆ ಕೆಮ್ಮುವುದು, ಜಗ್ಗುವುದು, ನಿಲ್ಲುವುದು. ಕಾರ್ಬುರೇಟರಿಗೆ ಹೋಗುವ ನಳಿಗೆ ಬಿಚ್ಚಿ ಎಂಜಿನ್ನು ತಿರುಗಿಸಿದರೆ ಪೆಟ್ರೋಲು ಧಾರೆಯಾಗಿ ಬರುವ ಬದಲು ಕಣ್ಣೀರಿನಂತೆ ಹನಿಯುತ್ತಿತ್ತು. ಎಂದರೆ ಪೆಟ್ರೋಲಿಗೆ ಒತ್ತಡವಿಲ್ಲ. ಅಷ್ಟನ್ನು ನಾನೇ ಕಂಡುಹಿಡಿದೆ, ಮತ್ತು ಅಷ್ಟಕ್ಕೇ ಬೀಗಿದೆ. ನಿಪ್ಪಾಣಿಯ ಬಾಬು ಮಿಸ್ತ್ರಿ, "ಪಂಪ್ ಖರಾಬ ಆಗೇತ್ರಿ ಸರ" ಎಂದು ಹೊಸ ಪಂಪು ಹಾಕಿದ. ರೋಗ ಹೋಗಲಿಲ್ಲ. ನಳಿಗೆಯನ್ನು ಬಾಯಿಂದ ಊದಿ ತೊಳೆದ. ನನಗೂ ಊದಲು ಕೊಟ್ಟ. ಎರಡು ದಿನ ನನ್ನ ಚಹಾ, ರೊಟ್ಟಿ, ಉಸಿರು ಎಲ್ಲವೂ ಪೆಟ್ರೋಲು ನಾರಿದವು.

ಕೊನೆಗೆ ಮದ್ದು ಸಿಕ್ಕಿತು, ಅದೂ ನನ್ನ ಪತ್ರಿಕೆಗಳಿಂದ. ಕಾವಿಗೆ ಪೆಟ್ರೋಲು ಆವಿಯಾಗಿ ಪಂಪಿನಲ್ಲಿ ಗಾಳಿಗುಳ್ಳೆ ಕಟ್ಟುತ್ತದೆ, ಒದ್ದೆ ಬಟ್ಟೆ ಹಾಕಿದರೆ ಇಳಿಯುತ್ತದೆ ಎಂದು ಓದಿದ್ದೆ. ಅಂದಿನಿಂದ ಕಾರು ನಿಂತಾಗಲೆಲ್ಲ ಅಣ್ಣ ಹಿಂದೆ ಹೋಗಿ ಕಣಿಕೆ ಇಳಿಬಿಡುವನು, ನಾನು ಮುಂದೆ ಬಾನೆಟ್ಟು ಎತ್ತಿ ಪಂಪಿಗೆ ಒದ್ದೆ ಬಟ್ಟೆ ಸುತ್ತುವೆನು. ಐದು ನಿಮಿಷಕ್ಕೆ ಕಾರು ಶುರುವಾಗುವುದು. ನೋಡಿ, ವಿಜ್ಞಾನ ಎಂದರೆ ಇದು ಎಂದು ನಾನು ಹೋದಲ್ಲೆಲ್ಲ ಹೇಳಿಕೊಂಡೆ. ಚಳಿಗಾಲದಲ್ಲಿ ಇಷ್ಟೊಂದು ಕಾವು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಿಕೊಳ್ಳಲಿಲ್ಲ.

ಇದೆಲ್ಲ ನಡೆಯುವಾಗ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದವರು ನಮ್ಮ ವೈನಿ, ಎಂದರೆ ಅಣ್ಣನ ಹೆಂಡತಿ. ಅವರು ಟಿಸಿಎಚ್ ಎಂಬ ಶಿಕ್ಷಕರ ತರಬೇತಿ ಮುಗಿಸಿ ಮದುವೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಸರ್ಟಿಫಿಕೇಟು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗಿತ್ತು. ಆ ವರ್ಷ ಚಿಕ್ಕೋಡಿಯ ಸಂಸ್ಥೆಯೊಂದು ರಾಯಬಾಗದಲ್ಲಿ ಹೊಸ ಶಾಲೆ ತೆರೆಯುವುದಿತ್ತು, ವೈನಿ ಅರ್ಜಿ ಹಾಕಿದರು. ಸಂದರ್ಶನಕ್ಕೆ ಕರೆ ಬಂತು. ಬೆಳಗಿನ ಹನ್ನೊಂದಕ್ಕೆ ಚಿಕ್ಕೋಡಿಯಲ್ಲಿರಬೇಕು. ನೌಕರಿಗೆ ವಯಸ್ಸಿನ ಮಿತಿ ಮುಗಿಯಲು ಅವರಿಗೆ ಕೆಲವೇ ತಿಂಗಳು ಉಳಿದಿತ್ತು. ಇದು ತಪ್ಪಿದರೆ ಸರ್ಟಿಫಿಕೇಟು ಟ್ರಂಕಿನಲ್ಲೇ ಉಳಿಯುವುದು ಖಾತ್ರಿ.

"ನಾ ಬಸ್ಸಿಗೆ ಹೋಗ್ತೀನ್ರಿ" ಅಂದರು ವೈನಿ.

ಅಣ್ಣನಿಗೆ ಸಿಟ್ಟು ಬಂತು. "ಮನ್ಯಾಗ ಕಾರ ಇಟ್ಕೊಂಡ ಬಸ್ಸಿಗೆ ಹೋದ್ರ ಮಂದಿ ಏನ ಅಂದಾರು?"

"ನಾ ಅದೀನಲ್ಲ, ಒದ್ದಿ ಬಟ್ಟಿ, ನೀರಿನ ಕ್ಯಾನ ತಗೊಂಡ ಬರ್ತೀನಿ" ಎಂದು ನಾನೂ ಧೈರ್ಯ ಹೇಳಿದೆ. ವೈನಿ ನನ್ನ ಮುಖ ನೋಡಿ ಹಿಂದಿನ ಸೀಟು ಹತ್ತಿದರು.

ನಮ್ಮ ಊರು ಬಿಟ್ಟು ರಾಯಬಾಗ ದಾಟಿ ಸ್ವಲ್ಪ ದೂರಕ್ಕೆ ಕಾರು ಮೊದಲ ಸಲ ನಿಂತಿತು. ಕಣಿಕೆ, ಒದ್ದೆ ಬಟ್ಟೆ, ಐದು ನಿಮಿಷ, ಹೊರಟೆವು. ಮುಂದೆ ಎರಡೂ ಕಡೆ ಕಬ್ಬು ಬಿಟ್ಟರೆ ಬೇರೇನೂ ಇಲ್ಲದ ಜಾಗದಲ್ಲಿ ಮತ್ತೆ ನಿಂತಿತು. ಆಗ ಹತ್ತೂ ಕಾಲು. ಕ್ಯಾನಿನಲ್ಲಿ ನೀರು ಮುಗಿದಿತ್ತು. ಬಸ್ಸು ನಮ್ಮ ಎದುರಿಗೇ ಧೂಳೆಬ್ಬಿಸಿ ಹೋಯಿತು, ಕೈ ಮಾಡಿದರೂ ನಿಲ್ಲಲಿಲ್ಲ. ಅರ್ಧ ಮೈಲಿ ದೂರದ ಕಾಲುವೆಗೆ ಓಡಲು ನಾನು ಕ್ಯಾನು ಎತ್ತಿಕೊಂಡೆ. ನಿಜ ಹೇಳುತ್ತೇನೆ, ನನಗೆ ಅಳು ಬರುವಂತಾಗಿತ್ತು.

ವೈನಿ ಕೆಳಗಿಳಿದರು. "ಮಾಸ್ತರ, ನೀರ ಬ್ಯಾಡ. ಮುಚ್ಚಳ ತಗದ ಬಿಟ್ಟ ಗಾಡಿ ಹೊಡೀರಿ."

"ಮುಚ್ಚಳಕ್ಕೂ ಇದಕ್ಕೂ ಏನ ಸಂಬಂಧ ವೈನಿ?"

"ನಿಮ್ಮಣ್ಣ ಮುಚ್ಚಳ ತಗದ ಕೂಡ್ಲೆ ಟ್ಯಾಂಕ್ ಸುಸ್ ಅಂತ ಗಾಳಿ ಎಳ್ಕೊಂತೈತಿ. ಎರಡ ತಿಂಗಳಿಂದ ಹಿಂದ ಕುಂತ ಕೇಳಾಕತ್ತೀನಿ. ಎಣ್ಣಿ ಡಬ್ಬಿಗೆ ಒಂದ ತೂತ ಹೊಡದ ನೋಡ್ರಿ, ಎಣ್ಣಿ ಗುಡುಗುಡು ಅಂದ ನಿಂತಬಿಡ್ತೈತಿ. ಗಾಳಿ ಹೋಗಾಕ ಇನ್ನೊಂದ ತೂತ ಬೇಕ. ನಿಮ್ಮ ಟ್ಯಾಂಕಿಗೆ ಆ ಎರಡನೇ ತೂತ ಎಲ್ಲೈತಿ?"

"ಮತ್ತ ಇಷ್ಟ ದಿನಾ ಯಾಕ ಹೇಳ್ಲಿಲ್ಲ?" ಎಂದ ಅಣ್ಣ.

"ನೀವು ಯಾವಾಗ ಕೇಳಿದ್ರಿ?"

ಎರಡನೆಯ ತೂತು ಎಲ್ಲಿದೆ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ರೋಗ ಶುರುವಾಗುವ ಸ್ವಲ್ಪ ಮೊದಲು ಮುಚ್ಚಳದ ರಬ್ಬರು ಸವೆದು ಪೆಟ್ರೋಲು ತುಳುಕುತ್ತಿದ್ದಾಗ ನಾನು ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಹತ್ತಿರ ಅದಕ್ಕೊಂದು ಚರ್ಮದ ಬಿಲ್ಲೆ ಮಾಡಿಸಿದ್ದೆ. ಎರಡು ಪದರ, ಎಣ್ಣೆ ಕುಡಿಸಿದ ಚರ್ಮ, ಬೆಣ್ಣೆಯಂಥ ಕೆಲಸ. "ನಡುವ ಒಂದ ತೂತ ಬಿಡ್ಲೇನ್ರಿ ಸರ, ಮುಚ್ಚಳದಾಗ ಸಣ್ಣದೊಂದ ಐತಿ" ಎಂದು ಅವರು ಕೇಳಿದ್ದರು. ಒಂದು ಹನಿಯೂ ಹೊರಗೆ ಬರಬಾರದು, ಬೇಡ ಎಂದವನು ನಾನೇ. ಹನಿ ಹೊರಗೆ ಬರಲಿಲ್ಲ, ಗಾಳಿ ಒಳಗೆ ಹೋಗಲಿಲ್ಲ. ಪೆಟ್ರೋಲು ಇಳಿದಂತೆಲ್ಲ ಟ್ಯಾಂಕು ಅದನ್ನು ಹಿಂದಕ್ಕೆ ಹಿಡಿಯುತ್ತಿತ್ತು, ಪಂಪು ಪಾಪ ಜಗ್ಗಿ ಸೋಲುತ್ತಿತ್ತು. ಪ್ರತಿಸಲ ಕಾರನ್ನು ಬದುಕಿಸಿದ್ದು ಅಣ್ಣನ ಕಣಿಕೆ, ಹೆಸರು ಬಂದದ್ದು ನನ್ನ ಬಟ್ಟೆಗೆ. ಪ್ರತಿವರ್ಷ ತಗಡಿನ ಡಬ್ಬಿಯಲ್ಲಿ ನೀರು ಕುದಿಸಿ, ಬಿರಡೆ ಹಾಕಿ, ತಣ್ಣೀರು ಸುರಿದು, ವಾಯುವಿನ ಒತ್ತಡಕ್ಕೆ ಡಬ್ಬಿ ಮುದ್ದೆಯಾಗುವುದನ್ನು ಒಂಬತ್ತನೆಯ ತರಗತಿಗೆ ತೋರಿಸುತ್ತಿದ್ದ ಮಾಸ್ತರ ನಾನು!

ಆ ಕ್ಷಣ ಇದನ್ನೆಲ್ಲ ಒಪ್ಪಿಕೊಳ್ಳಲು ಪುರುಸೊತ್ತಿರಲಿಲ್ಲ. ಮುಚ್ಚಳ ತಿರುಗಿಸಿ ನೋಡಿದ ವೈನಿಯೇ ಬಿಲ್ಲೆಯನ್ನು ಕಿತ್ತು ಕಬ್ಬಿನೊಳಕ್ಕೆ ಎಸೆದರು. ಮುಚ್ಚಳದ ಬದಲು ಟ್ಯಾಂಕಿನ ಬಾಯಿಗೆ ಕರವಸ್ತ್ರವನ್ನು ಸಡಿಲಾಗಿ ಕಟ್ಟಿ, "ಹೊಡೀರಿ" ಅಂದರು. ಅಣ್ಣ ಹೊಡೆದ. ಒಂದು ಮೈಲಿ ಹೋಯಿತು, ಐದು ಹೋಯಿತು. ಎಲ್ಲಿ ಕೆಮ್ಮುತ್ತದೋ ಎಂದು ನಾನು ಮೈಲಿಗಲ್ಲು ಎಣಿಸುತ್ತಿದ್ದೆ. ಕೆಮ್ಮಲಿಲ್ಲ. ಚಿಕ್ಕೋಡಿಯ ಏರು ಹತ್ತುವಾಗಲೂ ಅದರ ದನಿ ಕಂಚಿನಂತಿತ್ತು. ನಾವು ಮೂವರೂ ಜೋರಾಗಿ ನಗುತ್ತಿದ್ದೆವು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ವೈನಿ ಸಂಸ್ಥೆಯ ಮೆಟ್ಟಿಲು ಹತ್ತಿದರು.

ಒಳಗೆ ನಡೆದದ್ದನ್ನು ಆಮೇಲೆ ಹೇಳಿದರು. ಕೈಯೆಲ್ಲ ಪೆಟ್ರೋಲು ನಾರುತ್ತಿತ್ತಂತೆ. ಯಾಕಮ್ಮಾ ಎಂದು ಸಂದರ್ಶನ ಮಂಡಳಿಯವರು ಕೇಳಿದರಂತೆ. ವೈನಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಇದನ್ನೇ ಐದನೆಯ ತರಗತಿಗೆ ಹೇಗೆ ಕಲಿಸುತ್ತೀರಿ ಅಂದಾಗ ಬೋರ್ಡಿನ ಮೇಲೆ ಎಣ್ಣೆ ಡಬ್ಬಿ ಬರೆದರಂತೆ. ಮಂಡಳಿಯಲ್ಲಿ ಸ್ವಂತ ಟ್ರ್ಯಾಕ್ಟರು ಇದ್ದ ಒಬ್ಬರು ಕುರ್ಚಿ ಹತ್ತಿರ ಎಳೆದುಕೊಂಡು, ತಮ್ಮ ಟ್ರ್ಯಾಕ್ಟರಿನ ಕಾಯಿಲೆಯನ್ನೂ ಹೇಳಿಕೊಂಡರಂತೆ. ಸಂಜೆಯೊಳಗೆ ಆಯ್ಕೆಯ ಪಟ್ಟಿ ಬಾಗಿಲಿಗೆ ಅಂಟಿತು. ಮೊದಲ ಹೆಸರು ನಮ್ಮ ವೈನಿಯದು.

ಅಣ್ಣ ಚಹಾದ ಅಂಗಡಿಯಲ್ಲಿ ಗುರುತಿಲ್ಲದವರನ್ನೆಲ್ಲ ಹಿಡಿದು, "ನನ್ನ ಹೇಣ್ತಿ ರೀ" ಎಂದು ಹೇಳಿದ. ಹನ್ನೊಂದು ವರ್ಷದಲ್ಲಿ ಅವನು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಹೊರಡುವಾಗ ವೈನಿ ಕೈ ಚಾಚಿದರು. "ಕೀಲಿ ಕೊಡ್ರಿ."

ಅಣ್ಣ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಆಕಾಶ ನೋಡಿದ, "ಊರ ದಾಟಿದ ಮ್ಯಾಲ" ಅಂದ. ಊರು ದಾಟುವವರೆಗೆ ತಾನೇ ಓಡಿಸಿ, ಬರಿಯ ರಸ್ತೆ ಬಂದ ಮೇಲೆ ಜಾಗ ಬಿಟ್ಟುಕೊಟ್ಟು, ಪಕ್ಕದಲ್ಲಿ ಕೂತು ಕ್ಲಚ್ಚು, ಗೇರು ಹೇಳಿಕೊಟ್ಟು, ಹ್ಯಾಂಡ್‌ಬ್ರೇಕು ಗಟ್ಟಿಯಾಗಿ ಹಿಡಿದುಕೊಂಡ. ನಾನು ಹಿಂದಿನ ಸೀಟಿಗೆ ಹೋದೆ. ಕಾರು ಮೊದಲನೆಯ ಗೇರಿನಲ್ಲಿ ಗುರುಗುಟ್ಟುತ್ತ ಹೊರಟಿತು. ಕಬ್ಬು ತುಂಬಿದ ಟ್ರ್ಯಾಕ್ಟರು ನಮ್ಮನ್ನು ದಾಟಿತು. ಸೈಕಲ್ಲಿನವನು ದಾಟಿದ. ಆಮೇಲೆ ಒಂದು ಎತ್ತಿನ ಗಾಡಿಯೂ ದಾಟಿತು.

"ಎರಡನೇ ಗೇರ ಹಾಕ" ಎಂದ ಅಣ್ಣ.

"ಯಾಕ್ರಿ ಅವಸರ?" ಅಂದರು ವೈನಿ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ರಸ್ತೆಯಿಂದ ಕಣ್ಣು ತೆಗೆಯದೆ. "ನನಗೀಗ ಯಾವುದಕ್ಕೂ ತಡಾ ಆಗೂದಿಲ್ಲ."