ಗಂಧದ ಪುಡಿಯ ಮೇಲಿನ ಅಪವಾದ

ಸೊರಬದಲ್ಲಿ ಗಂಧದ ಮರ ಕೆತ್ತಿ ಬದುಕುವ ನಮ್ಮಂಥವರಿಗೆ ಮೂಗು ಕಟ್ಟಲಿ, ತಲೆ ಸಿಡಿಯಲಿ, ಕೆನ್ನೆ ನೋಯಲಿ, ಕಾರಣ ಒಂದೇ: ಪುಡಿ. ಅಪ್ಪನೂ ಹಾಗೇ ಹೇಳುತ್ತಿದ್ದ. ನನಗೆ ಎರಡು ವರ್ಷದಿಂದ ಕಣ್ಣಿನ ಕೆಳಗೆ, ಮೂಗಿನ ಎರಡೂ ಬದಿಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದಂತೆ ನೋವು. ಸೈನಸ್ಸು ಎಂದು ನಾನೇ ತೀರ್ಮಾನಿಸಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡೆ, ನೀಲಗಿರಿ ಎಣ್ಣೆಯ ಹಬೆ ತೆಗೆದುಕೊಂಡೆ, ಕೊನೆಗೆ ಆ ಗಂಧವನ್ನೇ ತೇಯ್ದು ಹಣೆಗೆ ಬಳಿದುಕೊಂಡು ಕೂತೆ. ನೋಡಿದವರು ಮಠ ಸೇರುತ್ತೀಯಾ ಎಂದು ಕೇಳಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು, ಬೈದು ಕಳಿಸಿದೆ.

ಕೆಲಸ ಬಿಡುವ ಮಾತು ಶುರುವಾದದ್ದು ಆಮೇಲೆ. ಹೆಂಡತಿ ನೇರವಾಗಿ ಹೇಳಲಿಲ್ಲ. ಪೇಟೆಯಲ್ಲಿ ಒಂದು ಮಳಿಗೆ ಖಾಲಿಯಿದೆ, ಪೂಜಾ ಸಾಮಾನು ಇಡಬಹುದು ಎಂದಳು. ಮೂವತ್ತು ವರ್ಷ ಉಳಿ ಹಿಡಿದ ಕೈಯಲ್ಲಿ ಕರ್ಪೂರದ ಪೊಟ್ಟಣ ಕಟ್ಟುವುದೇ? ಆದರೂ ನೋವು ತಾಳಲಾರದೆ ಒಪ್ಪಿದೆ. ಕಣ್ಣು ಮಾತ್ರ ಬಾಕಿಯಿದ್ದ ಗೇಣುದ್ದದ ಸರಸ್ವತಿಯನ್ನು ಮುಗಿಸಿ ಉಳಿಗಳನ್ನು ಕಟ್ಟಿಡುವುದೆಂದು ಮಾತಾಯಿತು.

ಅಷ್ಟರಲ್ಲಿ ಮೂಗಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, ಸೈನಸ್ಸಿನಲ್ಲಿ ಏನೂ ಇಲ್ಲ, ಒಮ್ಮೆ ಹಲ್ಲು ತೋರಿಸಿ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗೊಣಗುತ್ತ ಶಿಕಾರಿಪುರದ ಬಸ್ಸು ಹತ್ತಿದೆ.

ಅಲ್ಲಿನ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬಾಯಿ ತೆರೆಸಿ ನೋಡಿ, ದವಡೆ ಹಲ್ಲುಗಳು ಸವೆದು ಚಪ್ಪಟೆಯಾಗಿವೆ ಎಂದರು. ಆಮೇಲೆ ಕಿವಿಯ ಮುಂದಿನಿಂದ ಕೆಳಗೆ ಬೆರಳಲ್ಲಿ ಒತ್ತುತ್ತ ಬಂದು ಒಂದು ಕಡೆ ನಿಲ್ಲಿಸಿದರು. ಅಬ್ಬಾ! ಅವರು ಒತ್ತಿದ್ದು ದವಡೆಯನ್ನು, ನೋವೆದ್ದದ್ದು ಕಣ್ಣಿನ ಕೆಳಗೆ. ಅದೇ ಜಾಗ, ಅದೇ ನೋವು.

"ಹಲ್ಲು ಕಚ್ಚಿ ಮಾಡೋ ಕೆಲ್ಸ ಏನರ ಮಾಡ್ತೀರೇನ್ರೀ?" ಎಂದು ಕೇಳಿದರು.

ಇಲ್ಲ ಎಂದೆ. ನಿದ್ದೆಯಲ್ಲಿ ಹಲ್ಲು ಕಡಿದು ದವಡೆಯ ಸ್ನಾಯು ಬಿಗಿಯುತ್ತಿರಬಹುದೆಂದು, ಮಲಗುವಾಗ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚಕ್ಕೆ ಅಳತೆ ತೆಗೆದುಕೊಂಡರು. ಹಗಲಲ್ಲಿ ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ ಎಂದರು. ಎಲ್ಲರದೂ ಹೀಗಲ್ಲ, ಕೆಲವರಿಗೆ ಸೈನಸ್ಸು ಕೆಟ್ಟು ಮೇಲಿನ ಹಲ್ಲು ನೋಯುವುದೂ ಉಂಟು ಎಂದು ತಿಳಿಸಿದರು. ಒಂದು ಮುಖದೊಳಗೆ ಇಷ್ಟೊಂದು ಒಳದಾರಿಗಳಿವೆಯೆಂದು, ಮುಖ ಕೆತ್ತಿಯೇ ಹೊಟ್ಟೆ ಹೊರೆದ ನನಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಊರು ಬರುವವರೆಗೂ ಎದುರು ಕೂತವರ ದವಡೆಗಳನ್ನೇ ನೋಡಿದೆ. ಡಾಕ್ಟರ ಪ್ರಶ್ನೆಗೆ ಅವಸರದಲ್ಲಿ ಇಲ್ಲ ಎಂದುಬಿಟ್ಟೆನೇನೋ ಎಂಬ ಅನುಮಾನ ಬಂತು.

ಮನೆಗೆ ಬಂದವನೇ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ನನ್ನ ಎರಡೂ ದವಡೆಗೆ ಅಂಗೈ ಇಡಲು ಹೇಳಿ, ಸರಸ್ವತಿಯ ಕಣ್ಣಿಗೆ ಉಳಿ ಹಿಡಿದೆ. ನಮ್ಮ ಮನೆಯಲ್ಲಿ ಕಣ್ಣು ಕೆತ್ತುವುದು ಎಲ್ಲಕ್ಕಿಂತ ಕೊನೆಗೆ. ದೇವರ ಮೇಲೆ ಎಂಜಲು ಸಿಡಿಯಬಾರದು, ಆ ಹೊತ್ತಿಗೆ ಬಾಯಿ ಮುಚ್ಚಿರಬೇಕು ಎಂದು ಅಪ್ಪ ಕಲಿಸಿದ್ದ. ಉಳಿ ಮರಕ್ಕೆ ತಾಗುವ ಮೊದಲೇ ಅವಳು "ಬಿಗೀತು" ಎಂದಳು. ಎತ್ತಿದೆ, ಸಡಿಲಾಯಿತು. ಇಳಿಸಿದೆ, ಮತ್ತೆ ಬಿಗಿಯಿತು. ಕಣ್ಣು ಕೆತ್ತುವಾಗ ಬಾಯಿ ಮುಚ್ಚು ಎಂದು ಅಪ್ಪ ಹೇಳಿದ್ದಕ್ಕೆ ನಾನು ಮೂವತ್ತು ವರ್ಷ ಉಳಿ ಹಿಡಿದಾಗಲೆಲ್ಲ ಹಲ್ಲು ಕಚ್ಚಿಕೊಂಡೇ ಕೂತಿದ್ದೆ! ಪಾಪ, ಆ ಪುಡಿಗೆ ಎಷ್ಟು ಬೈದಿದ್ದೆ.

ಆದರೆ ಹಲ್ಲು ಕಚ್ಚದೆ ಕೈ ಓಡೀತೇ? ಓಡದಿದ್ದರೆ ಕರ್ಪೂರದ ಅಂಗಡಿಯೇ ಗತಿ. ಮೊದಲ ದಿನ ಉಳಿ ಗೆರೆ ತಪ್ಪಿತು. ಚೂರು ಮರದ ಮೇಲೆ ಕೆತ್ತಿ ಕೆತ್ತಿ ಹಾಳುಮಾಡಿದೆ, ಸಿಟ್ಟಿಗೆ ಉಳಿ ಎಸೆದೂಬಿಟ್ಟೆ. ಅವಳು ಹೆಕ್ಕಿ ತಂದುಕೊಟ್ಟು ಮತ್ತೆ ಅಂಗೈ ಇಟ್ಟಳು. ಹದಿನೈದು ದಿನವಾಗುವ ಹೊತ್ತಿಗೆ ನೋವು ಅರ್ಧ ಇಳಿದಿತ್ತು. ಒಂದು ಬೆಳಗ್ಗೆ ಧೈರ್ಯ ಮಾಡಿ ಸರಸ್ವತಿಯನ್ನೇ ಎತ್ತಿಕೊಂಡೆ. ಎಡಗಣ್ಣಿನ ರೆಪ್ಪೆ ಒಂದೇ ಎಳೆತಕ್ಕೆ ಬಂತು.

"ಬಿಗೀಲಿಲ್ಲ" ಎಂದಳು. ಆಮೇಲೆ ಹೇಳಿದಳು: "ಇಷ್ಟು ವರ್ಷ ಉಳಿ ಹಿಡ್ದಾಗೆಲ್ಲ ನಿಮ್ಮ ಬಿಗಿದ ಮುಖ ಕಂಡು, ನನ್ನ ಮೇಲೆ ಸಿಟ್ಟು ಅಂದ್ಕಂಡಿದ್ದೆ ಕಣ್ರಿ. ಅದಕ್ಕೇ ಈ ಕೋಣೆಗೆ ಬರ್ತಿರ್ಲಿಲ್ಲ."

ನನ್ನ ಕೆಲಸ ನೋಡಲು ಒಂದು ದಿನವೂ ಬರುವುದಿಲ್ಲವಲ್ಲ ಎಂದು ನನಗೂ ಅವಳ ಮೇಲೆ ಒಳಗೊಳಗೇ ಬೇಸರವಿತ್ತು. ಬಲಗಣ್ಣು ಇನ್ನೂ ಬಾಕಿಯಿತ್ತು. ಕೆತ್ತತೊಡಗಿದೆ. ಅವಳು ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು; ಎದ್ದು ಹೋಗಲಿಲ್ಲ.