ದೇವರ ಪಾಲಿನ ಪತ್ರಿಕೆ

ನನ್ನ ಸೋದರತ್ತೆಯ ಅಂಗೈ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ನಮ್ಮ ಯಲಬುರ್ಗಾ ಕಡೆಯ ಬಿಸಿಲಿಗೆ ಬಾಗಿಲ ಚಿಲಕ ಮುಟ್ಟಿದರೂ ಕೈ ಚುರ್ ಎನ್ನುವ ದಿನಗಳಲ್ಲಿ ಆಕೆ ಬಂದು ಮಣಿಕಟ್ಟು ಹಿಡಿದರೆ, ನೀರಿನ ಕೊಡದ ತಳ ಮುಟ್ಟಿದಂತಾಗುತ್ತಿತ್ತು. ಚಿಕ್ಕವಳಿದ್ದಾಗ ನನಗದು ಹಿತವಾಗಿತ್ತು. ಆಕೆ ಅಂಜಿದಾಗ ಮಾತ್ರ ಕೈ ಹಾಗೆ ತಣ್ಣಗಾಗುತ್ತದೆ ಎಂದು ತಿಳಿದದ್ದು ದೊಡ್ಡವಳಾದ ಮೇಲೆ. ಆಕೆ ಅಂಜದೇ ಇದ್ದ ಹೊತ್ತನ್ನು ನಾನು ಹೆಚ್ಚು ಕಂಡವಳಲ್ಲ.

ಅಂಜುವುದಕ್ಕೆ ಆಕೆಗೆ ಇಂಥದ್ದೇ ಆಗಬೇಕೆಂದಿರಲಿಲ್ಲ. ಮನೆಗೆ ಮೊದಲ ಸಲ ಗ್ಯಾಸ್ ಸಿಲಿಂಡರ್ ಬಂದಾಗ ದಿನವಿಡೀ ಅಂಗಳದಲ್ಲಿ ಕೂತಳೇ ಹೊರತು ಒಳಗೆ ಕಾಲಿಡಲಿಲ್ಲ. ಮೊಬೈಲ್ ಚಾರ್ಜಿಗೆ ಹಾಕಿದರೆ ಹಾಲು ಉಕ್ಕೀತೆಂದು ಕಾಯುವವರಂತೆ ಪಕ್ಕದಲ್ಲೇ ಕಾವಲು ಕೂಡುವಳು. ನಾನು ಕೊಪ್ಪಳಕ್ಕೆ ಕಾಲೇಜಿಗೆ ಹೋಗುವಾಗ ಬಸ್ಸು ಒಂದಿಷ್ಟು ತಡವಾದರೆ, ಡ್ರೈವರನ ಹೆಂಡತಿಗೂ ಇರದ ಚಿಂತೆ ಆಕೆಗೆ. “ಯಾಕೋ ಎದಿ ಡವಡವ ಅನ್ನಾಕತ್ತೈತಿ ನೋಡವಾ” ಎಂದು ಅವ್ವನ ಮುಂದೆ ನಿಲ್ಲುವಳು. ಅವ್ವ ನಕ್ಕು, ಚಹಾಕ್ಕೆ ನೀರಿಡುವಳು.

ಎಲ್ಲಕ್ಕಿಂತ ದೊಡ್ಡ ಅಂಜಿಕೆ ಅನ್ನದ ಪಾತ್ರೆಯದು. ಮನೆಗೆ ಇಬ್ಬರು ಹೆಚ್ಚಿಗೆ ಬಂದರೆ ಸಾಕು, ಬಡಿಸುವ ಮೊದಲು ಮುಚ್ಚಳ ಎತ್ತಿ ನೋಡುವಳು, ಬಡಿಸುತ್ತ ನೋಡುವಳು, ಎಲ್ಲರೂ ಕೈ ತೊಳೆದ ಮೇಲೂ ಇನ್ನೊಮ್ಮೆ ನೋಡುವಳು. “ಒಂದು ಸೇರು ಮ್ಯಾಲ ಹಾಕವಾ” ಎನ್ನುವುದು ಸದಾ ಆಕೆಯ ಬಾಯಲ್ಲಿದ್ದ ಮಾತು. ನಾವು ಹುಡುಗರು ನಿಂಬೆಹಣ್ಣಿನ ಶರಬತ್ತು ಮಾಡುವಾಗಲೂ “ಅತ್ತೀ, ಒಂದು ಸೇರು ಮ್ಯಾಲ ಹಾಕ್ಲೇನು?” ಎಂದು ಕಾಡಿಸುತ್ತಿದ್ದೆವು. ಆಕೆ ನಗುತ್ತಿರಲಿಲ್ಲ. “ಹಾಕ್ರಿ, ಏನ್ ತಪ್ಪೈತಿ” ಎನ್ನುತ್ತಿದ್ದಳು.

ಇದರ ಬೇರು ಆಕೆಯ ಮದುವೆಯಲ್ಲೇ ಇತ್ತು. ಆಕೆಯನ್ನು ಕೊಟ್ಟಿದ್ದು ನಮ್ಮೂರು ಮಂಗಳೂರಿನಲ್ಲೇ, ಎರಡು ಓಣಿಯಾಚೆ. ಕಡಲ ಕಡೆಯ ದೊಡ್ಡ ಪಟ್ಟಣ ಎಂದುಕೊಳ್ಳಬೇಡಿ, ಯಲಬುರ್ಗಾ ಕಡೆಯ ನಮ್ಮ ಹಳ್ಳಿಯ ಹೆಸರೂ ಅದೇ. ಆ ಮದುವೆಯಲ್ಲಿ ಬೀಗರ ಕಡೆಯ ಹಿರಿಯರು ಪಂಕ್ತಿಯಲ್ಲಿ ಕೂತಿದ್ದಾಗಲೇ ಗೋಧಿಯ ಸಿಹಿ ಹುಗ್ಗಿ, ಅನ್ನ ಎರಡೂ ತೀರಿಹೋದವಂತೆ. ಬರೀ ಎಲೆಯ ಮುಂದೆ ಕೂತವರು ಸ್ವಲ್ಪ ಹೊತ್ತು ಕಾದು, ಎದ್ದು ಹೋದರಂತೆ. ಅಂದಿನಿಂದ ಆಕೆ ಬಡಿಸಲು ನಿಂತಾಗಲೆಲ್ಲ ಆಕೆಯ ಗಂಡನ ತಾಯಿ ಒಂದು ಮಾತು ಅನ್ನುತ್ತಿದ್ದಳು. “ಸಾಲ್ತೈತೇನು? ನಿಮ್ಮಪ್ಪನ ಮನಿಯಂಗ ಮಾಡಬ್ಯಾಡ.” ನಾನೇ ಕಿವಿಯಾರೆ ಕೇಳಿದ್ದೇನೆ, ಹಬ್ಬದ ದಿನ, ಬಂದವರ ಎದುರಿಗೆ. ಸಿಟ್ಟಿನಿಂದಲೂ ಅನ್ನುತ್ತಿರಲಿಲ್ಲ ಆ ಮುದುಕಿ. ಉಪ್ಪು ತಾ ಎಂದಷ್ಟು ಸಲೀಸಾಗಿ ಅನ್ನುತ್ತಿದ್ದಳು. ಸಾಯುವವರೆಗೂ ಬಿಡಲಿಲ್ಲ.

ನನ್ನ ಮದುವೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ನವಲಿಯ ಹುಡುಗನ ಜತೆ ನಿಶ್ಚಯವಾದಾಗ ಮನೆಯಲ್ಲಿ ಎಲ್ಲರಿಗೂ ಖುಷಿ, ಅತ್ತೆಗೆ ಮಾತ್ರ ದಿಗಿಲು. “ಅವರು ಕಾಲವಿ ಕಡಿ ಮಂದಿ ಯವ್ವಾ, ಅನ್ನ ಉಣ್ಣಾವರು. ನಮ್ಮಂಗ ಎರಡು ರೊಟ್ಟಿ ತಿಂದು ಏಳಾವರಲ್ಲ” ಎಂದು ನನ್ನ ಕೈ ಹಿಡಿದಳು. ಆ ತಣ್ಣನೆಯ ಕೈಯಿಂದ ಅಂಜಿಕೆ ನನಗೂ ದಾಟಿತು. ಅದುವರೆಗೆ ನಾನು ಸೀರೆಯ ಬಣ್ಣದ ಬಗ್ಗೆ ಯೋಚಿಸುತ್ತಿದ್ದೆ. ಆಮೇಲೆ ಕಣ್ಣು ಮುಚ್ಚಿದರೆ ಬರೀ ಎಲೆಯ ಮುಂದೆ ಕೂತ ಮಂದಿಯೇ ಕಾಣತೊಡಗಿದರು.

ಅಪ್ಪ ಕೊಪ್ಪಳದ ಒಂದು ಕಚೇರಿಯಲ್ಲಿ ಜವಾನ. ಮದುವೆಗೆಂದು ಕೂಡಿಸಿದ್ದು ಅಷ್ಟಕ್ಕಷ್ಟೇ, ಹಾಗಾಗಿ ಎಲ್ಲದರಲ್ಲೂ ಹಿಡಿತ. ಲಗ್ನಪತ್ರಿಕೆ ಅಚ್ಚು ಹಾಕುವವನು ನೂರಕ್ಕೆ ಕಡಿಮೆ ಮಾಡಿಕೊಡುವುದಿಲ್ಲ ಎಂದ, ಅಪ್ಪ ನೂರಕ್ಕೆ ಒಂದೂ ಹೆಚ್ಚು ಬೇಡವೆಂದ. ಅರ್ಧ ಬೀಗರ ಮನೆಗೆ ಹೋದವು. ಮೊದಲನೆಯದಕ್ಕೆ ವಿಭೂತಿ, ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟೆವು, ಅದು ದೇವರ ಪಾಲು. ಉಳಿದವು ಸುತ್ತಲಿನ ಊರುಗಳಿಗೇ ಮುಗಿದವು. ಕುಷ್ಟಗಿ ಕಡೆಯ ಬಳಗಕ್ಕೆ ಅಪ್ಪ ಮೊಬೈಲಿನಲ್ಲಿ ಪತ್ರಿಕೆಯ ಫೋಟೋ ಕಳಿಸಿದ. “ಫೋಟೋಕ್ಕ ಕುಂಕುಮ ಹೆಂಗ ಹಚ್ತೀಯೋ ತಮ್ಮಾ?” ಎಂದು ಅತ್ತೆ ಕೇಳಿದ್ದಕ್ಕೆ ಅಪ್ಪ ಮೊಬೈಲನ್ನು ಕಿಸೆಗೆ ಹಾಕಿಕೊಂಡ.

ನಮ್ಮ ಬಳಗದಲ್ಲಿ ಮದುವೆಗೆ ಬರ್ತೀರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಬೇಡವೆಂದು ಹೇಳಿದ ಹಾಗೆ. ಬರುವವರು ಬಾಯಿಬಿಟ್ಟು ಹೇಳುವುದೂ ಇಲ್ಲ, ರೊಟ್ಟಿ ಕಳಿಸುತ್ತಾರೆ. ಮದುವೆಗೆ ನಾಲ್ಕೈದು ದಿನ ಮೊದಲೇ ಮನೆಮನೆಯಲ್ಲಿ ಜೋಳದ ಕಟಕ ರೊಟ್ಟಿ ಬಡಿದು, ಒಣಗಿಸಿ, ಹಳೇ ಧೋತರದಲ್ಲಿ ಕಟ್ಟಿ ಮದುವೆಮನೆಗೆ ಮುಟ್ಟಿಸುತ್ತಾರೆ. ಗಂಟು ಬಂತೆಂದರೆ ಆ ಮನೆಯವರು ಬರುತ್ತಾರೆ. ಗಂಟು ದೊಡ್ಡದಿದ್ದರೆ ಮಕ್ಕಳುಮರಿ ಸಮೇತ ಬರುತ್ತಾರೆ. ಬಂದ ರೊಟ್ಟಿ ನೋಡಿ ಅಡುಗೆಯವನಿಗೆ ಅಕ್ಕಿ, ಗೋಧಿ ಅಳೆದುಕೊಡುವ ಕೆಲಸ ಮೊದಲಿನಿಂದಲೂ ಅತ್ತೆಯದು. ಅಳೆದಾದ ಮೇಲೆ ಒಂದು ಸೇರು ಮೇಲೆ.

ಆದರೆ ಈ ಸಲ ಅಡುಗೆಯವನು ದೂರದವನು. ಎಷ್ಟು ಮಂದಿ ಎಂದು ಮೊದಲೇ ಹೇಳದಿದ್ದರೆ ಒಪ್ಪುವುದಿಲ್ಲ ಎಂದು ಪಟ್ಟು ಹಿಡಿದ. ಅಪ್ಪ ಗಾಬರಿಯಾಗಿ, ಯಾರನ್ನೂ ಕೇಳದೆ, ಬಳಗದವರ ವಾಟ್ಸಾಪ್ ಗುಂಪಿಗೆ ತನಗೆ ಗೊತ್ತಿದ್ದ ಕಚೇರಿಯ ಭಾಷೆಯಲ್ಲಿ ಬರೆದು ಹಾಕಿಬಿಟ್ಟ: ‘ಮದುವೆಗೆ ಹಾಜರಾಗುವವರ ಸಂಖ್ಯೆಯನ್ನು ಸೋಮವಾರದೊಳಗೆ ತಿಳಿಸತಕ್ಕದ್ದು.’

ಎಲ್ಲರೂ ಓದಿದರು. ಒಬ್ಬರೂ ಉತ್ತರಿಸಲಿಲ್ಲ. ಕುಷ್ಟಗಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ದೊಡ್ಡಪ್ಪ, ಅಂದರೆ ಅಪ್ಪನ ದೊಡ್ಡಪ್ಪನ ಮಗ, ಒಂದು ಫೋನು ಮಾಡಿ “ನಾವು ಎಷ್ಟು ತಿಂತೀವಿ ಅಂತ ತೂಕ ಹಾಕಾಕ ಹತ್ತೀಯೇನು?” ಎಂದು ಕೇಳಿ ಇಟ್ಟುಬಿಟ್ಟರು. ಬಳಗಕ್ಕೆಲ್ಲ ಹಿರಿಯರು ಅವರು. ಅವರು ಮುಖ ತಿರುಗಿಸಿದರೆ ಉಳಿದವರೂ ತಿರುಗಿಸಿದಂತೆಯೇ.

ಸೋಮವಾರ ಹೋಯಿತು. ರೊಟ್ಟಿಗೆಂದು ತೊಳೆದಿಟ್ಟ ಬುಟ್ಟಿಗಳು ಪಡಸಾಲೆಯಲ್ಲಿ ಖಾಲಿ ಬಿದ್ದಿದ್ದವು. ಊರಿನವರ ಒಂದೆರಡು ಗಂಟು ಬಿಟ್ಟರೆ ಹೊರಗಿನದು ಒಂದೂ ಇಲ್ಲ. ಹೆಚ್ಚಿಗೆ ಮಾಡಿಸಿ ಯಾರೂ ಬರದಿದ್ದರೆ ಅದನ್ನು ತಡೆದುಕೊಳ್ಳುವ ಶಕ್ತಿ ನಮಗಿರಲಿಲ್ಲ. ಕಡಿಮೆ ಮಾಡಿಸಿ ಎಲ್ಲರೂ ಬಂದುಬಿಟ್ಟರೆ ಎನ್ನುವ ಮಾತನ್ನು ಮನೆಯಲ್ಲಿ ಯಾರೂ ಪೂರ್ತಿ ಮಾಡುತ್ತಿರಲಿಲ್ಲ. ಅಪ್ಪ ಮೊಬೈಲ್ ಮುಟ್ಟುವುದನ್ನೇ ಬಿಟ್ಟ. ಮದುವೆಯೇ ಬೇಡವೆಂದು ಒಮ್ಮೆ ಅವ್ವನ ಮುಂದೆ ಅತ್ತುಬಿಟ್ಟೆನೆಂದರೆ ನನ್ನ ಪಾಡು ನೀವೇ ತಿಳಿದುಕೊಳ್ಳಿ.

ಮರುದಿನ ಬೆಳಿಗ್ಗೆ ಅತ್ತೆ ಬಂದವಳು ಯಾರನ್ನೂ ಮಾತಾಡಿಸದೆ ದೇವರ ಜಗಲಿಗೆ ಹೋದಳು. ಕೈಮುಗಿದು ಬಹಳ ಹೊತ್ತು ನಿಂತು, ಅಲ್ಲಿದ್ದ ಪತ್ರಿಕೆಯನ್ನು ಎತ್ತಿ ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. “ಅರಿಷಿಣ ಹಚ್ಚೂದ್ರೊಳಗ ಕುಷ್ಟಗಿಗೆ ಹೋಗಿ ಬರೂಣು ನಡಿ. ನಾ ಇದನ್ನ ತಗೊಂಡಿದ್ದು ನಿಮ್ಮಪ್ಪಗ ಹೇಳಬ್ಯಾಡ” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಒಬ್ಬಳೇ ಸಂತೆಗೆ ಹೋಗಲೂ ಅಂಜುವವಳು! ದೇವರ ಪಾಲನ್ನು ಕದ್ದುಕೊಂಡು ಬಸ್ಸು ಹತ್ತಿದ್ದಳು. ದಾರಿಯುದ್ದಕ್ಕೂ ಆಕೆ ನನ್ನ ಮಣಿಕಟ್ಟು ಬಿಡಲಿಲ್ಲ. ಬಸ್ಸು ಒಂದೊಂದು ಉಬ್ಬಿಗೆ ಜಿಗಿದಾಗಲೂ ದೇವರು ಸಿಟ್ಟಾದನೆಂದೇ ಆಕೆಯ ಎಣಿಕೆ. “ತಪ್ಪಾತಪ್ಪಾ, ತಪ್ಪಾತು” ಎಂದು ಗುನುಗುತ್ತಿದ್ದಳು.

ದೊಡ್ಡಪ್ಪ ಪಡಸಾಲೆಯಲ್ಲಿ ಕೂತಿದ್ದರು. ನಮ್ಮನ್ನು ಕಂಡವರೇ ಮೊಬೈಲ್ ತೆಗೆದು ಅಪ್ಪನ ಸಾಲನ್ನು ಗಟ್ಟಿಯಾಗಿ ಓದಿದರು.

“ತಿಳಿಸತಕ್ಕದ್ದು ಅಂತ! ನಾವೇನು ಅವನ ಆಫೀಸಿಗೆ ಅರ್ಜಿ ಹಾಕೇವೇನು? ನೀ ಈಗ ಲೆಕ್ಕಾ ತಗೊಂಡು ಹೋಗಾಕ ಬಂದೀಯೇನವಾ?”

ನನಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಅತ್ತೆ ಮಾತ್ರ ನೆಲದ ಮೇಲೆ ಕೂತು, ಪತ್ರಿಕೆಯನ್ನು ಅವರ ಕಾಲ ಬಳಿ ಇಟ್ಟಳು.

“ಅಣ್ಣಾ, ನನ್ನ ಲಗ್ನದಾಗ ಹುಗ್ಗಿ ಬಕೀಟು ಹಿಡಕೊಂಡು ಬಡಸಾಕ ನಿಂತಾವ ನೀನ ಇದ್ದಿ. ಬಕೀಟು ಬರಿದಾಗಿದ್ದು ಮೊದಲ ನೋಡ್ದಾವನೂ ನೀನ. ಅವತ್ತಿಂದ ಆ ಮನ್ಯಾಗ ನಾ ಏನು ಕೇಳೀನಿ ಅನ್ನೂದು ತವರಮನಿಗೆ ಒಂದಿನಾನೂ ಹೇಳಿಲ್ಲ. ಈ ಕೂಸಿಗೆ ಅದು ಬ್ಯಾಡ. ನನಗ ಭಾಳ ಅಂಜಿಕಿ ಆಗೇತಿ ಅಣ್ಣಾ. ಬರ್ತೀರೋ ಇಲ್ಲೋ ಅಂತ ನಾ ಕೇಳಂಗಿಲ್ಲ. ಕರಿಯಾಕ ಬಂದೀನಿ, ಕರದೀನಿ.”

ದೊಡ್ಡಪ್ಪ ಪತ್ರಿಕೆ ಎತ್ತಿಕೊಂಡರು. ಅದರ ಮೇಲೆ ವಿಭೂತಿಯ ಗೆರೆ, ಮೂಲೆಯಲ್ಲಿ ದೀಪದೆಣ್ಣೆಯ ಕಲೆ.

“ಇದು ಜಗಲಿ ಮ್ಯಾಲಿಂದೇನು?”

“ಬ್ಯಾರೆ ಉಳಿದಿದ್ದಿಲ್ಲ ಅಣ್ಣಾ. ದೇವರು ಮನ್ಯಾಗ ಅದಾನ, ಅವ ಹೆಂಗರ ಬರ್ತಾನ. ನೀವು ಬರಬೇಕಲ್ಲ.”

ಅವರು ಪತ್ರಿಕೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. “ಚಾ ಕುಡದು ಹೋಗ್ರಿ” ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರು. ಬರುತ್ತಾರೋ ಇಲ್ಲವೋ ತಿಳಿಯದೆ ನಾವು ಮರಳಿದೆವು.

ಆಮೇಲಿನ ಎರಡು ದಿನ ನಾನು ಅರಿಷಿಣ ಹಚ್ಚಿಕೊಂಡು ಬುಟ್ಟಿಗಳನ್ನೇ ನೋಡುತ್ತ ಕೂತಿದ್ದೆ. ಪಕ್ಕದಲ್ಲಿ ಅತ್ತೆ. ಊರಿಗೆ ಬಸ್ಸು ಬಂದ ಸದ್ದಾದರೆ ಸಾಕು, ಇಬ್ಬರೂ ಬಾಗಿಲ ಕಡೆ ಕತ್ತು ಚಾಚುತ್ತಿದ್ದೆವು. ಯಾರೂ ಗಂಟು ತರದೆ ಬಸ್ಸು ಹೊರಟುಹೋದರೆ ಆಕೆ ಜಗಲಿಯ ಕಡೆ ನೋಡಿ, ಅಲ್ಲಿ ಪತ್ರಿಕೆ ಇಟ್ಟಿದ್ದ ಖಾಲಿ ಜಾಗ ಕಂಡು, ಕಣ್ಣು ಕೆಳಗೆ ಮಾಡುತ್ತಿದ್ದಳು. ದೇವರ ಹತ್ತಿರವೂ ಮುಖ ಕಳೆದುಕೊಂಡೆನೆಂಬ ಭಯ ಆಕೆಗೆ.

ಮದುವೆಯ ಹಿಂದಿನ ಮಧ್ಯಾಹ್ನ ಕಂಡಕ್ಟರನ ದನಿ ಓಣಿಯ ತುದಿಯಿಂದಲೇ ಕೇಳಿಸಿತು. “ಲಗ್ನದ ಮನಿ ಯಾವುದ್ರಿ? ಕುಷ್ಟಗಿಯಿಂದ ಗಂಟು ಬಂದಾವು, ಇಳಿಸ್ಕೊಳ್ರಿ ಲಗೂನ!”

ಹುಡುಗರು ಓಡಿದರು. ಧೋತರದ ಗಂಟು, ಸೀರೆಯ ಗಂಟು, ಒಂದರ ಹಿಂದೊಂದು ಬಂದು ಪಡಸಾಲೆಯಲ್ಲಿ ಕೂತವು. ಸಂಜೆಯ ಬಸ್ಸಿಗೆ ಮತ್ತಷ್ಟು. ದೊಡ್ಡಪ್ಪ ಮನೆಮನೆಗೆ ಹೇಳಿ ಕಳಿಸಿದ್ದರು. ಬುಟ್ಟಿ ಸಾಲದೆ ಚಾಪೆಯ ಮೇಲೆ ಒಟ್ಟಿದೆವು. ಅತ್ತೆ ರೊಟ್ಟಿಯ ರಾಶಿಗೆ ಕೈ ಆನಿಸಿ ಒಂದು ಸುತ್ತು ಬಂದಳು. ಅಡುಗೆಯವನನ್ನು ಕರೆದು ಅಕ್ಕಿ ಅಳೆದುಕೊಟ್ಟಳು. ಅವನು ಚೀಲ ಎತ್ತುವಷ್ಟರಲ್ಲಿ “ತಡಿ ತಡಿ” ಎಂದು ಇನ್ನೊಂದು ಸೇರು ಸುರಿದಳು.

ಹಾಗೆಂದು ಅಂಜಿಕೆ ಹೋಗಲಿಲ್ಲ. ಮರುದಿನ ಹಂದರದಲ್ಲಿ ಮಂದಿಯೆಲ್ಲ ಅಕ್ಕಿಕಾಳು ಹಾಕುವ ಹೊತ್ತಿಗೆ ಅತ್ತೆ ನನ್ನ ಹತ್ತಿರ ಇರಲಿಲ್ಲ. ಕೊಪ್ಪರಿಗೆಗಳ ಹತ್ತಿರ, ನಮಗೆ ಬೆನ್ನು ಮಾಡಿ ನಿಂತಿದ್ದಳು. ಎಲ್ಲರೂ ಮದುಮಗನ ಕಡೆ ನೋಡುತ್ತಿದ್ದರೆ ನಾನು ಆ ಬೆನ್ನನ್ನೇ ನೋಡುತ್ತಿದ್ದೆ. ನವಲಿಯವರ ಪಂಕ್ತಿ ಕೂತಿತು. ಅನ್ನ ಎರಡನೇ ಸಲ ಹೋಯಿತು, ಮೂರನೇ ಸಲ ಹೋಯಿತು. ಅತ್ತೆ ಮುಚ್ಚಳ ಎತ್ತುವುದು, ಇಡುವುದು ನಿಲ್ಲಲೇ ಇಲ್ಲ. ನನ್ನ ಕೈಯೂ ತಣ್ಣಗಾಗಿತ್ತು.

ಆಗ ದೊಡ್ಡಪ್ಪ ಎದ್ದು ಧೋತರ ಮೇಲೆ ಕಟ್ಟಿಕೊಂಡು ಹುಗ್ಗಿಯ ಬಕೀಟು ಹಿಡಿದರು. ಆ ವಯಸ್ಸಿನಲ್ಲಿ ಅವರು ಬಡಿಸಬೇಕಾದ ಜರೂರು ಇರಲಿಲ್ಲ. ಯಾರು ಬೇಡವೆಂದರೂ ಕೇಳದೆ ಬೀಗರ ಸಾಲನ್ನು ಒಬ್ಬರೇ ಬಡಿಸಿದರು. ಕೊನೆಯ ಎಲೆ ಮುಗಿದ ಮೇಲೆ ಬಕೀಟನ್ನು ಹಾಗೆಯೇ ತಂದು ಅತ್ತೆಯ ಮುಂದೆ ಬಗ್ಗಿಸಿ ತೋರಿಸಿದರು.

“ನೋಡವಾ ತಂಗಿ. ತಳ ಕಾಣಂಗಿಲ್ಲ.”

ಅತ್ತೆ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ದೊಡ್ಡಪ್ಪ ಅಂಗಿಯ ಕಿಸೆಯಿಂದ ಆ ಪತ್ರಿಕೆ ತೆಗೆದು ನಮ್ಮ ಜಗಲಿಯ ಮೇಲೆ ತಿರುಗಿ ಇಟ್ಟರು. ಅಪ್ಪನಿಗೆ ಇಂದಿಗೂ ಅದು ಅಲ್ಲಿಂದ ಹೋಗಿದ್ದು, ಬಂದಿದ್ದು ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ನನ್ನನ್ನು ಗಂಡನ ಮನೆಗೆ ಕಳಿಸುವಾಗ ಅತ್ತೆ ಗಾಡಿಯ ಕಿಟಕಿಯೊಳಗೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು. ಆ ಕೈ ಬೆಚ್ಚಗಿತ್ತು. ನನಗೆ ನೆನಪಿದ್ದಂತೆ ಅದು ಮೊದಲ ಸಲ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ನವಲಿಯಿಂದ ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲರೂ ನನಗಾಗಿ ಕಾಯುತ್ತಿದ್ದರು. ಪಕ್ಕದಲ್ಲಿ ಕೂತು ಕೈ ಹಿಡಿದೆ, ಮತ್ತೆ ಅದೇ ತಣ್ಣನೆಯ ಅಂಗೈ. ಎಲ್ಲಿಗೆ ಹೊರಟಿದ್ದಾಳೋ ಅಲ್ಲಿಗೂ ಅಂಜಿಕೊಂಡೇ ಹೊರಟಿದ್ದಾಳೆ ಎನ್ನಿಸಿ, ಬಿಡಲು ಮನಸ್ಸು ಬರಲಿಲ್ಲ. ಆ ಮನೆಯಲ್ಲಿ ಒಲೆ ಹಚ್ಚದ ದಿನಗಳಲ್ಲಿ ಕುಷ್ಟಗಿಯಿಂದ, ಸುತ್ತಲಿನ ಊರುಗಳಿಂದ ರೊಟ್ಟಿಯ ಗಂಟು ಬಂದೇ ಬಂದವು. ಅಳೆದು ಹೇಳುವವಳು ಇರಲಿಲ್ಲ.

ಮೊನ್ನೆ ನಮ್ಮ ಮನೆಗೆ ಗಂಗಾವತಿಯಿಂದ ನೆಂಟರು ಬಂದರು, ಹೇಳದೆ ಕೇಳದೆ, ಒಂದು ಗಾಡಿ ಮಂದಿ. ಬಡಿಸಲು ನಿಂತವಳು ನಾನೇ. ನನಗರಿವಿಲ್ಲದೆ ಅನ್ನದ ಪಾತ್ರೆಯ ಮುಚ್ಚಳ ಎತ್ತಿ ನೋಡಿದೆ, ಇನ್ನೊಮ್ಮೆ ನೋಡಿದೆ. ಎದೆ ಡವಡವ ಅನ್ನತೊಡಗಿತು. ಹಿಂದೆ ನನ್ನ ಗಂಡನ ತಾಯಿ ಬಂದು ನಿಂತಿದ್ದು ಗೊತ್ತಾಯಿತು. ಸೋದರತ್ತೆಗೆ ಆ ಮುದುಕಿ ಅನ್ನುತ್ತಿದ್ದ ಮಾತು ಈಗ ಬಂತು, ಈಗ ಬಂತು ಎಂದು ಕಿವಿ ಕಾಯುತ್ತಿತ್ತು.

“ಏನ್ ನೋಡ್ತೀಯವಾ ಅಷ್ಟು ಸಲ? ಸಾಲ್ತೈತಿ ಬಿಡು” ಎಂದರು ಅವರು, ಉಪ್ಪು ತಾ ಎಂದಷ್ಟು ಸಲೀಸಾಗಿ.

ಮುಚ್ಚಳ ಕೆಳಗಿಟ್ಟು, ನೀರು ತರುವ ನೆವ ಹೇಳಿ ಹಿತ್ತಲಿಗೆ ಹೋಗಿ ಅತ್ತುಬಂದೆ. ಆಮೇಲೆ ಎಲ್ಲರಿಗೂ ಕೈತುಂಬ ಬಡಿಸಿದೆ.